ಹದಿನಾಲ್ಕು ದಿನಗಳ ಕಟ್ಟಳೆ

ಪ್ರಯೋಗಶಾಲೆಯಲ್ಲಿ, ತಾಯ ಒಡಲ ಹೊರಗೆ ರೂಪುಗೊಂಡ ಮಾನವಭ್ರೂಣವನ್ನು ಹದಿನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ಬೆಳೆಸಕೂಡದೆಂಬ ನಿಯಮವೊಂದು ಇಂದು ಜಗತ್ತಿನ ಹಲವು ದೇಶಗಳಲ್ಲಿ, ಕೆಲವೆಡೆ ಶಾಸನವಾಗಿಯೂ ಕೆಲವೆಡೆ ವಿದ್ವತ್ಸಂಸ್ಥೆಗಳ ಮಾರ್ಗದರ್ಶಿಕೆಯಾಗಿಯೂ, ನಡೆದುಬರುತ್ತಿದೆ. ಭ್ರೂಣದ ಕಾಂಡಕೋಶಗಳನ್ನು ಕುರಿತು ಕಳೆದ ಕಾಲು ಶತಮಾನದಲ್ಲಿ ಎದ್ದ ಧರ್ಮಾಧರ್ಮವಿಚಾರವೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಸಂಖ್ಯೆಯನ್ನು ಮುಟ್ಟಿಯೇ ಮುಂದೆ ಸರಿದಿದೆ. ಹತ್ತಲ್ಲ, ಇಪ್ಪತ್ತಲ್ಲ, ಹದಿನಾಲ್ಕೇ ಏಕೆ ಎಂಬ ಪ್ರಶ್ನೆಗೆ ಉತ್ತರವನ್ನು ಜೀವಶಾಸ್ತ್ರದ ಗ್ರಂಥಗಳಲ್ಲಿ ಮಾತ್ರ ಹುಡುಕಿದವನಿಗೆ ಅರ್ಧವಷ್ಟೇ ದೊರೆಯುತ್ತದೆ. ಉಳಿದರ್ಧ ಇರುವುದು ಬ್ರಿಟನ್ನಿನ ಒಂದು ಸಮಿತಿಯ ವರದಿಯಲ್ಲಿ ಮತ್ತು ಆ ದೇಶದ ಪಾರ್ಲಿಮೆಂಟು ಅದರ ಮೇಲೆ ನಡೆಸಿದ ಆರು ವರ್ಷಗಳ ವಾಗ್ವಾದದಲ್ಲಿ. ಈ ಚರಿತ್ರೆ ನನಗೆ ಹಿರಿದೆನಿಸುವುದು ಅದರಿಂದ ವಿಜ್ಞಾನಕ್ಕಾದ ಲಾಭನಷ್ಟಗಳ ಲೆಕ್ಕದಿಂದಲ್ಲ; ಮೂಲತತ್ತ್ವದಲ್ಲಿಯೇ ಪರಸ್ಪರ ಒಪ್ಪದ ಜನ ಒಂದೆಡೆ ಕುಳಿತು, ತಮ್ಮ ಭಿನ್ನಾಭಿಪ್ರಾಯವನ್ನು ಮರೆಮಾಚದೆ, ಎಲ್ಲರೂ ನಡೆಯಬಹುದಾದ ಒಂದು ಮೇರೆಯನ್ನು ಗುರುತಿಸಿದರೆಂಬ ಕಾರಣದಿಂದ.

ಗರ್ಭದಲ್ಲಿರುವ ಜೀವಕ್ಕೆ ಮನುಷ್ಯತ್ವ ಎಂದು ಪ್ರಾಪ್ತವಾಗುತ್ತದೆಂಬ ಜಿಜ್ಞಾಸೆ ಬಹು ಪುರಾತನವಾದುದು. ಅರಿಸ್ಟಾಟಲ್ ಗಂಡುಪಿಂಡಕ್ಕೆ ನಲವತ್ತು ದಿನ, ಹೆಣ್ಣುಪಿಂಡಕ್ಕೆ ತೊಂಬತ್ತು ದಿನವೆಂದು ಎಣಿಸಿದ್ದನು. ಪಿಂಡ ಮೊದಲು ರೂಪ ತಾಳಿ ಆಮೇಲೆ ಮಾನವಾತ್ಮವನ್ನು ಪಡೆಯುತ್ತದೆಂಬ ಆ ಭಾವನೆ ಥಾಮಸ್ ಅಕ್ವಿನಾಸನ ಮೂಲಕ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಬಹುಕಾಲ ನಿಂತಿತು. 1869ರಲ್ಲಿ ಒಂಬತ್ತನೆಯ ಪಯಸ್ ಪೋಪರು ಗರ್ಭಪಾತದ ದಂಡನೆಯಲ್ಲಿ ರೂಪ ತಾಳಿದ ಪಿಂಡ, ತಾಳದ ಪಿಂಡ ಎಂಬ ಭೇದವನ್ನು ತೊಡೆದುಹಾಕಿದರು. ಯೆಹೂದ್ಯರ ತಾಲ್ಮುದ್ ಮೊದಲ ನಲವತ್ತು ದಿನಗಳ ಪಿಂಡವನ್ನು ಬರಿಯ ನೀರೆಂದು ಗಣಿಸಿತು. ಇಸ್ಲಾಮಿನ ಧರ್ಮಶಾಸ್ತ್ರಜ್ಞರಲ್ಲಿ ಅನೇಕರು ಆತ್ಮಪ್ರವೇಶಕ್ಕೆ ನೂರಿಪ್ಪತ್ತು ದಿನಗಳ ಅವಧಿಯನ್ನು ಹೇಳಿದರು. ನಮ್ಮಲ್ಲಿಯೂ ಏಕಾಭಿಪ್ರಾಯವಿರಲಿಲ್ಲ: ಗರ್ಭೋಪನಿಷತ್ತು ಏಳನೆಯ ತಿಂಗಳಲ್ಲಿ ಪಿಂಡಕ್ಕೆ ಜೀವಸಂಯೋಗವಾಗುತ್ತದೆಂದರೆ, ಚರಕಸಂಹಿತೆ ಶುಕ್ರಶೋಣಿತಗಳು ಕೂಡುವಾಗಲೇ ಜೀವವೂ ಬಂದು ಸೇರುತ್ತದೆಂದು ಹೇಳುತ್ತದೆ. ಇವರೆಲ್ಲರೂ ಕಣ್ಣಿಗೆ ಕಾಣದುದನ್ನು ಊಹಿಸಿ ನುಡಿದವರು. ಭ್ರೂಣವೆಂಬುದು ತಾಯ ಒಡಲಿನಲ್ಲಿ ಅಡಗಿದ್ದ ರಹಸ್ಯವಾಗಿದ್ದಷ್ಟು ಕಾಲ, ಅದು ಬೇರೊಬ್ಬರ ಕೈಯಲ್ಲಿ, ಗಾಜಿನ ತಟ್ಟೆಯೊಂದರ ಮೇಲೆ, ಯಾರ ತಾಯ್ತನಕ್ಕೂ ಸೇರದೆ ಇರಬಹುದೆಂಬ ಸಂದರ್ಭವನ್ನು ಯಾವ ಶಾಸ್ತ್ರಕಾರನೂ ಯೋಚಿಸಬೇಕಾಗಿರಲಿಲ್ಲ.

ಆ ಸಂದರ್ಭ ಒದಗಿದುದು ಇಂಗ್ಲೆಂಡಿನ ಉತ್ತರಭಾಗದ ಓಲ್ಡಮ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ. ಕೇಂಬ್ರಿಜ್‌ನ ಶರೀರಕ್ರಿಯಾಶಾಸ್ತ್ರಜ್ಞ ರಾಬರ್ಟ್ ಎಡ್ವರ್ಡ್ಸ್, ಓಲ್ಡಮಿನ ಸ್ತ್ರೀರೋಗತಜ್ಞ ಪ್ಯಾಟ್ರಿಕ್ ಸ್ಟೆಪ್ಟೋ, ಇವರಿಬ್ಬರ ಜೊತೆಗೆ ದಾದಿಯಾಗಿ ಶಿಕ್ಷಣ ಪಡೆದು ಭ್ರೂಣಗಳ ಪಾಲನೆಯನ್ನು ಕೈಗೊಂಡ ಜೀನ್ ಪರ್ಡಿ, ಈ ಮೂವರು ಹತ್ತು ವರ್ಷ ದುಡಿದರು. ಸರ್ಕಾರದ ವೈದ್ಯಕೀಯ ಸಂಶೋಧನಾ ಪರಿಷತ್ತು 1971ರಲ್ಲಿಯೇ ಇವರಿಗೆ ಧನಸಹಾಯವನ್ನು ನಿರಾಕರಿಸಿತ್ತು. ವೈಭವವೊಂದೂ ಇಲ್ಲದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಒಡೆಯುವುದನ್ನು ಮೊದಲು ಕಂಡವರು ಪರ್ಡಿಯವರು. ಆ ಭ್ರೂಣವೇ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಎಂಬ ಶಿಶುವಾಗಿ ಜನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನವೂ ಫಲಿಸಿತು. ಅವರಿಗೆ ದೊರೆತುದು ಅಧಿಕಾರಿಗಳ ಅಪನಂಬಿಕೆ. 1981ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಎಡ್ವರ್ಡ್ಸರಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಸ್ಟೆಪ್ಟೋ ಆಗಲಿ ಪರ್ಡಿಯಾಗಲಿ ಬದುಕಿರಲಿಲ್ಲ.

ಶಿಶು ಹುಟ್ಟಿದ ಸಂತೋಷದ ಬೆನ್ನಿಗೇ ಒಂದು ತೊಡಕು ಕಾಣಿಸಿಕೊಂಡಿತು. ಒಂದು ಗರ್ಭಧಾರಣೆಗಾಗಿ ಹಲವು ಅಂಡಗಳನ್ನು ಫಲಿತಗೊಳಿಸಬೇಕಾಗುತ್ತದೆ. ಫಲಿತವಾದುದೆಲ್ಲವನ್ನೂ ಗರ್ಭದಲ್ಲಿ ಇರಿಸಲಾಗುವುದಿಲ್ಲ. ಉಳಿದ ಭ್ರೂಣಗಳನ್ನು ಏನು ಮಾಡತಕ್ಕದ್ದು? ಎಸೆಯುವುದೇ, ಹಿಮದಲ್ಲಿ ಇಡುವುದೇ, ಅಥವಾ ಬಂಜೆತನದ, ಗರ್ಭಸ್ರಾವದ, ಆನುವಂಶಿಕ ರೋಗಗಳ ಕಾರಣಗಳನ್ನು ಅರಿಯುವುದಕ್ಕಾಗಿ ಪರೀಕ್ಷಿಸುವುದೇ? ಬ್ರಿಟಿಷ್ ಸರ್ಕಾರ 1982ರ ಜುಲೈಯಲ್ಲಿ ಈ ಪ್ರಶ್ನೆಗಳ ವಿಚಾರಣೆಗೆ ಹದಿನಾರು ಮಂದಿಯ ಸಮಿತಿಯೊಂದನ್ನು ನೇಮಿಸಿ, ಅದರ ಅಧ್ಯಕ್ಷತೆಯನ್ನು ವೈದ್ಯರಿಗಾಗಲಿ ನ್ಯಾಯಾಧೀಶರಿಗಾಗಲಿ ಧರ್ಮಾಧಿಕಾರಿಗಳಿಗಾಗಲಿ ಒಪ್ಪಿಸದೆ, ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ, ಕೆಲವು ಕಾಲ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯೂ ಆಗಿದ್ದ ಮೇರಿ ವಾರ್ನಾಕ್ ಎಂಬವರಿಗೆ ವಹಿಸಿತು. ಆ ಆಯ್ಕೆಯಲ್ಲಿ ವಿವೇಕವಿತ್ತೆಂದು ನಾನು ಎಣಿಸುತ್ತೇನೆ. ವೈದ್ಯರು ಅಧ್ಯಕ್ಷರಾಗಿದ್ದರೆ ವಿಜ್ಞಾನದ ಪಕ್ಷಪಾತವೆಂಬ ಅಪವಾದ ಬರುತ್ತಿತ್ತು. ಪಾದ್ರಿಗಳಾಗಿದ್ದರೆ ಮತದ ಪಕ್ಷಪಾತವೆಂಬುದು. ವಾದಗಳನ್ನು ಬಿಡಿಸಿ ನೋಡುವುದೇ ಉದ್ಯೋಗವಾಗಿದ್ದ ಒಬ್ಬ ಮಹಿಳೆ ಆ ಸ್ಥಾನದಲ್ಲಿ ಕುಳಿತುದರಿಂದ, ಸಮಿತಿ ತಾನು ಉತ್ತರಿಸಲಾಗದ ಪ್ರಶ್ನೆ ಯಾವುದು, ಉತ್ತರಿಸಲೇಬೇಕಾದ ಪ್ರಶ್ನೆ ಯಾವುದು ಎಂಬುದನ್ನು ಮೊದಲೇ ಬೇರ್ಪಡಿಸಿಕೊಂಡಿತು.

ಆ ಬೇರ್ಪಡಿಕೆಯೇ ವರದಿಯ ಜೀವಾಳ. ಜೀವ ಯಾವಾಗ ಆರಂಭವಾಗುತ್ತದೆ, ವ್ಯಕ್ತಿತ್ವ ಯಾವಾಗ ಮೊಳೆಯುತ್ತದೆ ಎಂಬವು ಮೇಲ್ನೋಟಕ್ಕೆ ವಾಸ್ತವಾಂಶದ ಪ್ರಶ್ನೆಗಳಂತೆ ತೋರಿದರೂ, ಅವುಗಳ ಒಡಲಿನಲ್ಲಿ ವಾಸ್ತವಾಂಶವೂ ನೈತಿಕ ನಿರ್ಣಯವೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ ಎಂದು ಸಮಿತಿ ಕಂಡುಕೊಂಡಿತು. ಅಂಡವೂ ಸಜೀವ, ರೇತಸ್ಸೂ ಸಜೀವ. ಜೀವ ಎಲ್ಲಿಯೂ ಹೊಸದಾಗಿ ಆರಂಭವಾಗುವುದಿಲ್ಲ, ಮುಂದುವರಿಯುತ್ತದೆ. ಆದುದರಿಂದ ಭ್ರೂಣ ಏನು ಎಂಬುದನ್ನು ಇತ್ಯರ್ಥ ಮಾಡಲು ಹೊರಡದೆ, ಅದರ ವಿಷಯದಲ್ಲಿ ನಾವು ಹೇಗೆ ವರ್ತಿಸುವುದು ಉಚಿತ ಎಂಬಲ್ಲಿಗೆ ಅವರು ನೇರವಾಗಿ ನಡೆದರು. ಭ್ರೂಣಕ್ಕೆ ಹುಟ್ಟಿದ ಮಗುವಿನ ಅಂತಸ್ತಿಲ್ಲ. ಆದರೆ ಅದು ಬರಿಯ ಕೋಶಗಳ ಮುದ್ದೆಯೂ ಅಲ್ಲ. ಮಾನವಕುಲಕ್ಕೆ ಸೇರಿದುದೆಂಬ ಕಾರಣದಿಂದಲೇ ಅದಕ್ಕೆ ಕಾನೂನಿನ ರಕ್ಷಣೆ ಸ್ವಲ್ಪಮಟ್ಟಿಗಾದರೂ ಸಲ್ಲತಕ್ಕದ್ದು. ಇದು ಬಹುಮತದ ನಿರ್ಣಯ. ಕಾಲಮಿತಿಯ ಪ್ರಶ್ನೆ ಹುಟ್ಟಿದುದು ಇದರಿಂದ.

ಎಷ್ಟು ದಿನ? ಸಾಕ್ಷ್ಯ ನುಡಿದ ಸಂಸ್ಥೆಗಳು ಒಂದೊಂದೂ ಒಂದೊಂದು ಗುರುತನ್ನು ತೋರಿಸಿದವು. ಪ್ರಸೂತಿ ಮತ್ತು ಸ್ತ್ರೀರೋಗ ವೈದ್ಯರ ರಾಜಮನ್ನಣೆಯ ಕಾಲೇಜು ನರಮಂಡಲದ ಮೊದಲ ಸುಳಿವು ಕಾಣುವ ಹದಿನೇಳನೆಯ ದಿನವನ್ನು ಸೂಚಿಸಿತು. ಬ್ರಿಟಿಷ್ ವೈದ್ಯರ ಸಂಘ ಹದಿನಾಲ್ಕನ್ನು. ಬೇರೆ ಕೆಲವರು ಭ್ರೂಣ ಗರ್ಭಾಶಯದ ಗೋಡೆಗೆ ನಾಟಿ ನಿಲ್ಲುವ ಕ್ರಿಯೆ ಮುಗಿಯುವ ಹೊತ್ತನ್ನು. ಇಲ್ಲಿ ಸಮಿತಿಗೆ ದಾರಿ ತೋರಿದವರು ಅದರ ಸದಸ್ಯರೇ ಆಗಿದ್ದ ಭ್ರೂಣವಿಜ್ಞಾನಿ ಆನ್ ಮೆಕ್ಲಾರೆನ್. ಇಲಿಗಳ ಭ್ರೂಣಗಳ ಮೇಲೆ ಜೀವಮಾನದ ವ್ಯಾಸಂಗ ನಡೆಸಿದ್ದ ಆಕೆ ಮೊದಲ ಎರಡು ವಾರಗಳಲ್ಲಿ ನಡೆಯುವುದೇನೆಂಬುದನ್ನು ಸಹಸದಸ್ಯರಿಗೆ, ಅವರಲ್ಲಿ ಬಹುಮಂದಿ ವಿಜ್ಞಾನವನ್ನು ಅರಿಯದವರಾಗಿದ್ದರೂ, ತಿಳಿಯುವಂತೆ ವಿವರಿಸಿದರು.

ಆ ವಿವರಣೆಯನ್ನು ಓದುಗರೂ ಒಮ್ಮೆ ಕಣ್ಮುಂದೆ ತಂದುಕೊಳ್ಳುವುದು ಮೇಲು. ಮೂರನೆಯ ದಿನಕ್ಕೆ ಎಂಟು ಕೋಶಗಳು, ಒಂದಕ್ಕೊಂದು ಅಂಟಿಕೊಂಡ ಗುಂಡು. ಐದನೆಯ ಅಥವಾ ಆರನೆಯ ದಿನಕ್ಕೆ ನೂರು ನೂರೈವತ್ತು ಕೋಶಗಳ ಪೊಳ್ಳು ಗೋಳ, ಗಸಗಸೆಯ ಕಾಳಿಗಿಂತ ಎಷ್ಟೋ ಕಿರಿದು. ಅದರ ಹೊರಪದರ ಮುಂದೆ ಮಾಸಿಗೆ ಕಾರಣವಾಗತಕ್ಕದ್ದು, ಒಳಗಿನ ಗೋಡೆಗೆ ಒಂದು ಕಡೆ ಅಂಟಿದ ಪುಟ್ಟ ಕೋಶಸಮೂಹ ಮಾತ್ರ ಶರೀರವಾಗತಕ್ಕದ್ದು. ಆ ಒಳಗಿನ ಸಮೂಹದ ಕೋಶಗಳು ಎಲುಬು, ರಕ್ತ, ನರ, ಚರ್ಮ, ಯಾವುದಾದರೂ ಆಗಬಲ್ಲವು; ಭ್ರೂಣದ ಕಾಂಡಕೋಶಗಳೆಂದು ನಾವು ಕರೆಯುವುದು ಇವುಗಳನ್ನೇ ಹೊರತೆಗೆದು ತಟ್ಟೆಯಲ್ಲಿ ಬೆಳೆಸಿದಾಗ. ಆರೇಳನೆಯ ದಿನ ಭ್ರೂಣ ಗರ್ಭಾಶಯದ ಗೋಡೆಯಲ್ಲಿ ನಾಟತೊಡಗುತ್ತದೆ. ಸುಮಾರು ಹದಿನಾಲ್ಕು ಹದಿನೈದನೆಯ ದಿನ, ಚಪ್ಪಟೆಯಾದ ಭ್ರೂಣಫಲಕದ ಒಂದು ಅಂಚಿನಿಂದ ಸಣ್ಣ ಗೀರೊಂದು ಮೂಡುತ್ತದೆ. ಆದಿರೇಖೆಯೆಂದು ಅದರ ಹೆಸರು. ತಲೆ ಯಾವ ಕಡೆ, ಕಾಲು ಯಾವ ಕಡೆ, ಎಡ ಯಾವುದು, ಬಲ ಯಾವುದು ಎಂಬುದು ಆ ಗೀರಿನಿಂದ ನಿಶ್ಚಯವಾಗುತ್ತದೆ. ಅದಕ್ಕೆ ಮೊದಲು ಒಂದು ಭ್ರೂಣ ಎರಡಾಗಿ ಅವಳಿಗಳಾಗಬಹುದು. ಒಂದೇ ಗೀರು ಮೂಡಿ ನಿಂತ ಮೇಲೆ ಸಾಮಾನ್ಯವಾಗಿ ಅದು ಒಂದೇ. ನೋವನ್ನಾಗಲಿ ಸ್ಪರ್ಶವನ್ನಾಗಲಿ ಅರಿಯುವ ನರತಂತುವಿನ ಲವಲೇಶವೂ ಆಗ ಇರುವುದಿಲ್ಲ.

ಗೀರು ಮೂಡುವ ಮುನ್ನ ನಿಲ್ಲತಕ್ಕದ್ದು ಎಂಬುದು ಮೆಕ್ಲಾರೆನರ ಸೂಚನೆಯ ತಾತ್ಪರ್ಯ. ವಾರ್ನಾಕರು ಅದಕ್ಕೆ ದಿನಗಳ ಸಂಖ್ಯೆಯನ್ನು ಜೋಡಿಸಿದರು. ಗೀರನ್ನು ಕಾಣಬಲ್ಲವನು ತಜ್ಞ ಮಾತ್ರ. ಹದಿನಾಲ್ಕನ್ನು ಎಣಿಸಬಲ್ಲವರು ಎಲ್ಲರೂ. ಕಾನೂನೆಂದ ಮೇಲೆ ಉಲ್ಲಂಘನೆಯಾಯಿತೇ ಇಲ್ಲವೇ ಎಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಯಬೇಕು. ಈ ಕಾರಣದಿಂದ ಹದಿನಾಲ್ಕು ದಿನಗಳೆಂಬುದು ಪ್ರಕೃತಿಯಲ್ಲಿ ಕಂಡ ಒಂದು ಗುರುತೂ ಹೌದು, ಮನುಷ್ಯರು ತಮ್ಮೊಳಗೆ ಮಾಡಿಕೊಂಡ ಒಂದು ಒಡಂಬಡಿಕೆಯೂ ಹೌದು.

ವರದಿ 1984ರ ಜುಲೈಯಲ್ಲಿ ಪ್ರಕಟವಾದಾಗ ಅದರ ಕೊನೆಯಲ್ಲಿ ಭಿನ್ನಮತದ ಟಿಪ್ಪಣಿಗಳೂ ಅಚ್ಚಾಗಿದ್ದವು. ಹದಿನಾರು ಮಂದಿಯಲ್ಲಿ ಮೂವರು ಭ್ರೂಣದ ಮೇಲೆ ಯಾವ ಬಗೆಯ ಪ್ರಯೋಗವೂ ಸಲ್ಲದೆಂದರು. ಇನ್ನು ನಾಲ್ವರು ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳ ಬಳಕೆಯನ್ನು ಒಪ್ಪಿದರೂ, ಪ್ರಯೋಗಕ್ಕೆಂದೇ ಭ್ರೂಣವನ್ನು ಉಂಟುಮಾಡುವುದನ್ನು ಒಪ್ಪಲಿಲ್ಲ. ಮೂವರ ವಾದವನ್ನು ಹಗುರವಾಗಿ ಕಾಣುವುದು ಅನ್ಯಾಯ. ಭ್ರೂಣ ಮುಂದೆ ಏನಾಗಬಲ್ಲುದೋ ಅದರಲ್ಲಿಯೇ ಅದರ ಬೆಲೆಯಿದೆ. ಬೆಳೆಯುವ ಅವಕಾಶವನ್ನು ನಾವೇ ನಿರಾಕರಿಸಿ, ಬೆಳೆದಿಲ್ಲವೆಂಬುದನ್ನೇ ಅದರ ವಿರುದ್ಧ ಸಾಕ್ಷ್ಯವಾಗಿ ಹೂಡುವುದು ನ್ಯಾಯವೇ ಎಂಬುದು ಆ ಪಕ್ಷದವರ ಪ್ರಶ್ನೆ. ಅವಳಿಗಳ ಮಾತನ್ನು ಕುರಿತು ಅವರು ಕೇಳುವುದೂ ಹುರುಳಿಲ್ಲದ್ದಲ್ಲ: ಒಂದು ಎರಡಾಗಬಲ್ಲುದೆಂಬುದರಿಂದ ಅಲ್ಲಿ ಒಂದೂ ಇಲ್ಲವೆಂದು ಹೇಗೆ ಸಿದ್ಧವಾಗುತ್ತದೆ? ಆದಿರೇಖೆಯ ವಾದವನ್ನು ಭ್ರೂಣದ ನೈತಿಕ ಅಂತಸ್ತಿನ ಪೂರ್ಣ ಪ್ರಮಾಣವೆಂದು ಹಿಡಿದರೆ ಅದು ಆ ಭಾರವನ್ನು ಹೊರಲಾರದೆಂದೇ ನನಗೂ ತೋರುತ್ತದೆ. ಆದರೆ ವಾರ್ನಾಕರು ಅದನ್ನು ಹಾಗೆ ಹಿಡಿಯಲಿಲ್ಲ. ದಾಟಬಾರದ ಮೇರೆಯೇ ಇಲ್ಲದ ಸಮಾಜ ನೀತಿಯೇ ಇಲ್ಲದ ಸಮಾಜವಾಗುತ್ತದೆ. ಮೇರೆ ಎಲ್ಲಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೂ ಅದು ಇರಬೇಕೆಂಬುದರಲ್ಲಿ ಬಹುಜನರಿಗೆ ಒಮ್ಮತವಿದೆ ಎಂಬುದು ಅವರ ನಿಲವು. ಕೇಳುವವನಿಗೂ ಹೇಳುವವನಿಗೂ ಸಮಾನವಾಗಿ ಅಸಮಾಧಾನವನ್ನು ಉಳಿಸುವ ಈ ನಿಲವಿನಲ್ಲಿ ನಾನು ಒಂದು ದೊಡ್ಡ ಪ್ರಾಮಾಣಿಕತೆಯನ್ನು ಕಾಣುತ್ತೇನೆ.

ಪಾರ್ಲಿಮೆಂಟಿನಲ್ಲಿ ಮೊದಲ ಏಟು ಬಿದ್ದುದು ವಿರೋಧಪಕ್ಷದಿಂದಲೂ ಅಲ್ಲ, ಸರ್ಕಾರದಿಂದಲೂ ಅಲ್ಲ. ಇನಾಕ್ ಪೊವೆಲ್ ಎಂಬ ಒಂಟಿಸ್ವಭಾವದ ಸದಸ್ಯನಿಂದ. ವರದಿಯನ್ನು ಓದಿದಾಗ ತನ್ನಲ್ಲಿ ಸಹಜವಾಗಿ ಜುಗುಪ್ಸೆ ಹುಟ್ಟಿತೆಂದು ಹೇಳಿ, ಭ್ರೂಣಪ್ರಯೋಗವನ್ನು ಪೂರ್ಣವಾಗಿ ನಿಷೇಧಿಸುವ ಖಾಸಗಿ ಮಸೂದೆಯೊಂದನ್ನು ಆತ ಮಂಡಿಸಿದನು. 1985ರ ಫೆಬ್ರವರಿಯಲ್ಲಿ ಅದರ ಎರಡನೆಯ ವಾಚನಕ್ಕೆ 238 ಮತಗಳು ಪರವಾಗಿಯೂ 66 ವಿರುದ್ಧವಾಗಿಯೂ ಬಿದ್ದವು. ಅಷ್ಟು ಅಂತರದಿಂದ ಗೆದ್ದ ಮಸೂದೆ ಶಾಸನವಾಗದೆ ಹೋದುದು ಸಭಾನಿಯಮಗಳ ಬಲದಿಂದ: ಜೂನ್ ತಿಂಗಳ ಆ ದಿನ ವಿರೋಧಿಗಳು ಉಪಚುನಾವಣೆಯೊಂದನ್ನು ಹೊರಡಿಸುವ ಪ್ರಸ್ತಾವವನ್ನು ಮುಂದೆ ತಂದು, ಮಾತಿನಿಂದ ಹೊತ್ತನ್ನೆಲ್ಲ ತುಂಬಿಬಿಟ್ಟರು. ವಿಜ್ಞಾನಿಗಳು ಆ ಫೆಬ್ರವರಿಯ ಎಣಿಕೆಯನ್ನು ಕಂಡು ಬೆಚ್ಚಿದರು. ತಮ್ಮ ಕೆಲಸ ಒಳ್ಳೆಯದೆಂಬುದು ತಮಗೆ ತಿಳಿದಿದ್ದರೆ ಸಾಲದು, ಅದನ್ನು ಜನಕ್ಕೆ ಹೇಳಬೇಕೆಂಬುದು ಅವರಿಗೆ ಆಗ ಮನವರಿಕೆಯಾಯಿತು. ಅದೇ ವರ್ಷ ವೈದ್ಯಕೀಯ ಸಂಶೋಧನಾ ಪರಿಷತ್ತೂ ಪ್ರಸೂತಿವೈದ್ಯರ ಕಾಲೇಜೂ ಕೂಡಿ, ಶಾಸನ ಬರುವುದಕ್ಕೆ ಮುಂಚಿತವಾಗಿಯೇ, ಹದಿನಾಲ್ಕು ದಿನಗಳ ಮಿತಿಯನ್ನು ತಾವೇ ಪಾಲಿಸುವ ಸ್ವಯಂಪ್ರೇರಿತ ಅನುಜ್ಞಾ ಮಂಡಲಿಯೊಂದನ್ನು ಸ್ಥಾಪಿಸಿದವು. ಆನುವಂಶಿಕ ರೋಗಗಳಿಂದ ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರು ಸದಸ್ಯರ ಬಳಿಗೆ ಬಂದು ತಮ್ಮ ಕಥೆಯನ್ನು ಹೇಳಿದರು. ಇತ್ತ ರೋಮಿನಿಂದ 1987ರಲ್ಲಿ ಹೊರಟ ಬೋಧನಾಪತ್ರ ಗರ್ಭಾಂಕುರದ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯಂತೆ ಗೌರವಿಸತಕ್ಕದ್ದೆಂದು ಸಾರಿತು. ಕಾರ್ಡಿನಲ್ ಹ್ಯೂಮ್ ಅದನ್ನು ಇಂಗ್ಲೆಂಡಿನಲ್ಲಿ ಎತ್ತಿಹಿಡಿದರು. ಆಂಗ್ಲಿಕನ್ ಚರ್ಚಿನ ಯಾರ್ಕಿನ ಆರ್ಚ್‌ಬಿಷಪ್ ಜಾನ್ ಹ್ಯಾಬ್‌ಗುಡ್, ತಾವೂ ಶರೀರಕ್ರಿಯಾಶಾಸ್ತ್ರ ಕಲಿತವರು, ಲಾರ್ಡ್ಸ್ ಸಭೆಯಲ್ಲಿ ಮಿತಿಯೊಳಗಿನ ಸಂಶೋಧನೆಯ ಪರವಾಗಿ ನುಡಿದರು.

ವಾರ್ನಾಕ್ ವರದಿಯ ಆಧಾರದ ಮೇಲೆ, ಮಿತಿಯೊಳಗಿನ ಸಂಶೋಧನೆಗೆ ಅವಕಾಶವೀಯಲು ಸರ್ಕಾರ ತಂದ ಮಸೂದೆ 1990ರ ಫೆಬ್ರವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ 234ಕ್ಕೆ 80ರಂತೆ ಗೆದ್ದಿತು. ಏಪ್ರಿಲ್ 23ರಂದು ಕಾಮನ್ಸ್ ಸಭೆ ಮತ ಹಾಕುವುದಕ್ಕೆ ಕೆಲವೇ ದಿನ ಮೊದಲು, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಆಲನ್ ಹ್ಯಾಂಡಿಸೈಡ್ ಮತ್ತು ರಾಬರ್ಟ್ ವಿನ್‌ಸ್ಟನ್ ಅವರ ತಂಡ ಒಂದು ವರದಿಯನ್ನು ಪ್ರಕಟಿಸಿತು: ಗಂಡುಮಕ್ಕಳನ್ನು ಮಾತ್ರ ಬಾಧಿಸುವ ಘೋರ ರೋಗಗಳಿರುವ ಮನೆತನಗಳಲ್ಲಿ, ಮೂರು ದಿನದ ಭ್ರೂಣದಿಂದ ಒಂದು ಕೋಶವನ್ನು ತೆಗೆದು ಪರೀಕ್ಷಿಸಿ, ಹೆಣ್ಣುಭ್ರೂಣಗಳನ್ನೇ ಆರಿಸಿ ಗರ್ಭದಲ್ಲಿರಿಸಿ, ಗರ್ಭಧಾರಣೆಯನ್ನು ಸಾಧಿಸಲಾಗಿದೆ ಎಂದು. ಕಾಮನ್ಸ್ ಸಭೆ 364ಕ್ಕೆ 193ರಂತೆ ಸಂಶೋಧನೆಗೆ ಒಪ್ಪಿಗೆಯಿತ್ತಿತು. ಐದು ವರ್ಷಗಳ ಹಿಂದಿನ ಮತ ತಲೆಕೆಳಗಾಯಿತು. ನವೆಂಬರ್ 1ರಂದು ಶಾಸನಕ್ಕೆ ರಾಣಿಯ ಅಂಕಿತ ಬಿದ್ದಿತು. ಲಂಡನ್ನಿನಲ್ಲಿ ಹೆಣ್ಣುಭ್ರೂಣವನ್ನು ಆರಿಸಿ ಉಳಿಸಿದ ಈ ವಿದ್ಯೆಯೇ ಹೆಣ್ಣನ್ನು ತೊಡೆದುಹಾಕುವ ಸಾಧನವಾಗಬಹುದೆಂಬ ಭಯದಿಂದ ಭಾರತ 1994ರ ಲಿಂಗಪತ್ತೆ ನಿಷೇಧ ಶಾಸನವನ್ನು 2003ರಲ್ಲಿ ಗರ್ಭಧಾರಣೆಗೆ ಮುಂಚಿನ ಹಂತಕ್ಕೂ ವಿಸ್ತರಿಸಬೇಕಾಯಿತೆಂಬುದನ್ನು ನೆನೆದರೆ, ಒಂದು ತಂತ್ರದ ಗುಣದೋಷವನ್ನು ಅದು ನೆಲೆಸುವ ಸಮಾಜದಿಂದ ಬೇರ್ಪಡಿಸಿ ತೂಗುವುದು ಎಷ್ಟು ಅಸಾಧ್ಯವೆಂಬುದು ಗೋಚರವಾಗುತ್ತದೆ.

ಈ ವಾಗ್ವಾದ ನಡೆಯುತ್ತಿದ್ದಾಗ ಕಾಂಡಕೋಶದ ಹೆಸರನ್ನು ಎತ್ತಿದವರು ವಿರಳ. ಇಲಿಯ ಭ್ರೂಣದಿಂದ ಅಂಥ ಕೋಶಗಳನ್ನು ಕೇಂಬ್ರಿಜ್‌ನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಕ್ಯಾಲಿಫೋರ್ನಿಯದಲ್ಲಿ ಗೇಲ್ ಮಾರ್ಟಿನ್ 1981ರಲ್ಲಿಯೇ ಬೇರ್ಪಡಿಸಿದ್ದರೂ, ಮನುಷ್ಯನ ಭ್ರೂಣದಿಂದ ಅದು ಸಾಧ್ಯವಾಗಲು ಮತ್ತೆ ಹದಿನೇಳು ವರ್ಷ ಬೇಕಾಯಿತು. 1998ರ ನವೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್, ಚಿಕಿತ್ಸೆಯಲ್ಲಿ ಉಳಿದು ದಂಪತಿಗಳು ದಾನವಿತ್ತ ಭ್ರೂಣಗಳಿಂದ ಹದಿನಾಲ್ಕು ಒಳಕೋಶಸಮೂಹಗಳನ್ನು ಬಿಡಿಸಿ, ಅವುಗಳಲ್ಲಿ ಐದರಿಂದ ಅವಿಚ್ಛಿನ್ನವಾಗಿ ಬೆಳೆಯುವ ಕೋಶಸಂತತಿಗಳನ್ನು ಪಡೆದುದಾಗಿ ಪ್ರಕಟಿಸಿದರು. ಭ್ರೂಣವನ್ನು ನಾಶಗೊಳಿಸುವ ಸಂಶೋಧನೆಗೆ ಕೇಂದ್ರದ ಹಣ ಸಲ್ಲದೆಂದು ಅಮೆರಿಕದ ಕಾಂಗ್ರೆಸ್ 1996ರಿಂದ ವರ್ಷವರ್ಷವೂ ವಿಧಿಸುತ್ತ ಬಂದಿದ್ದುದರಿಂದ, ಸರ್ಕಾರದ ಒಂದು ಡಾಲರಿನ ಉಪಕರಣವೂ ತಾಕದಂತೆ ಅವರು ಬೇರೆಯೇ ಕೊಠಡಿಯಲ್ಲಿ, ಕಂಪನಿಯ ಹಣದಿಂದ, ಈ ಕೆಲಸವನ್ನು ನಡೆಸಬೇಕಾಯಿತು. ಕೋಶಗಳನ್ನು ಹೊರತೆಗೆಯಬೇಕಾದರೆ ಭ್ರೂಣ ಅಳಿಯಲೇಬೇಕು. ಹೇಗೂ ಎಸೆಯತಕ್ಕ ಭ್ರೂಣವೆಂಬುದು ಒಂದು ಪಕ್ಷದ ಸಮರ್ಥನೆ, ಸಾಯುವವನನ್ನು ಕೊಲ್ಲಲು ಸಾವು ಹತ್ತಿರವಿದೆಯೆಂಬುದು ಅನುಮತಿಯಾಗಲಾರದೆಂಬುದು ಇನ್ನೊಂದು ಪಕ್ಷದ ಪ್ರತ್ಯುತ್ತರ. ಬ್ರಿಟನ್ ತನ್ನ 1990ರ ಕಾನೂನಿನ ಅಡಿಪಾಯದ ಮೇಲೆಯೇ 2001ರ ಜನವರಿಯಲ್ಲಿ ಈ ಸಂಶೋಧನೆಗೂ ಅವಕಾಶವನ್ನು ಸೇರಿಸಿಕೊಂಡಿತು. ಅಮೆರಿಕಕ್ಕೆ ಅಂಥ ಅಡಿಪಾಯ ಇರಲಿಲ್ಲ.

ಅಲ್ಲಿಯ ಅಧ್ಯಕ್ಷ ಜಾರ್ಜ್ ಬುಷ್ 2001ರ ಆಗಸ್ಟ್ 9ರ ರಾತ್ರಿ ಟೆಕ್ಸಸ್ಸಿನ ತಮ್ಮ ಮನೆಯಿಂದ ದೇಶವನ್ನುದ್ದೇಶಿಸಿ ಮಾತನಾಡಿ, ಆ ಹೊತ್ತಿಗಾಗಲೇ ಅಸ್ತಿತ್ವದಲ್ಲಿರುವ ಕೋಶಸಂತತಿಗಳ ಮೇಲಿನ ಸಂಶೋಧನೆಗೆ ಮಾತ್ರ ಕೇಂದ್ರದ ಹಣ ಸಲ್ಲುವುದೆಂದೂ, ಅಂಥವು ಅರುವತ್ತಕ್ಕೂ ಹೆಚ್ಚಿವೆಯೆಂದೂ ಘೋಷಿಸಿದರು. ತಿಂಗಳ ಕೊನೆಗೆ ಪ್ರಕಟವಾದ ಪಟ್ಟಿಯಲ್ಲಿ 64 ಸಂತತಿಗಳ ಹೆಸರಿದ್ದವು. ಸ್ವೀಡನ್, ಇಸ್ರೇಲ್, ಆಸ್ಟ್ರೇಲಿಯಗಳ ಜೊತೆಗೆ ಅದರಲ್ಲಿ ಭಾರತದವು ಹತ್ತು: ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್‌ನಲ್ಲಿ ಏಳು, ಬೆಂಗಳೂರಿನ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಮೂರು. ಅಮೆರಿಕದ ಧರ್ಮಸಂಕಟವೊಂದು ಹೀಗೆ ನಮ್ಮ ರಾಜಧಾನಿಯ ಒಂದು ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತಿತು. ಆದರೆ ಕಡೆಗೆ ಸಂಶೋಧಕರ ಕೈಗೆ ಎಟುಕಿದವು ಇಪ್ಪತ್ತೊಂದರ ಆಸುಪಾಸು; ಅವುಗಳಲ್ಲಿ ಭಾರತದ ಸಂತತಿ ಒಂದೂ ಇರಲಿಲ್ಲ. ಬುಷ್ ಅವರ ಈ ಮಧ್ಯಮಾರ್ಗದಲ್ಲಿ ನಿಷ್ಕಾಪಟ್ಯವಿತ್ತೆಂದು ಒಪ್ಪುತ್ತೇನೆ. ತಾನು ಒಪ್ಪದ ಕೃತ್ಯ ತನ್ನ ಹಣದಿಂದ ಮುಂದೆ ನಡೆಯಬಾರದು, ನಡೆದುಹೋದುದರ ಫಲವನ್ನು ಮಾತ್ರ ಬಳಸಬಹುದು ಎಂಬುದು ಅದರ ತರ್ಕ. ಆದರೆ ಅದೊಂದು ಗಡಿಯಾರದ ಗೆರೆ, ಭ್ರೂಣದ ಗೆರೆಯಲ್ಲ. ಹಣಕ್ಕೆ ಕಟ್ಟಿದುದು, ಕೃತ್ಯಕ್ಕೆ ಕಟ್ಟಿದುದಲ್ಲ. ಖಾಸಗಿ ಕಂಪನಿಗಳಿಗೆ ಅದರಿಂದ ಯಾವ ತಡೆಯೂ ಇರಲಿಲ್ಲ. ಕ್ಯಾಲಿಫೋರ್ನಿಯದ ಮತದಾರರು 2004ರಲ್ಲಿ ತಮ್ಮ ರಾಜ್ಯದ 300 ಕೋಟಿ ಡಾಲರನ್ನು ಇದೇ ಸಂಶೋಧನೆಗೆ ಮೀಸಲಿಟ್ಟರು. ಬುಷ್ 2006ರಲ್ಲಿಯೂ 2007ರಲ್ಲಿಯೂ ಕಾಂಗ್ರೆಸಿನ ಮಸೂದೆಗಳನ್ನು ತಳ್ಳಿಹಾಕಿದರು. ಒಬಾಮ 2009ರ ಮಾರ್ಚಿನಲ್ಲಿ ಆ ನೀತಿಯನ್ನು ಬದಲಾಯಿಸಿದರು. ಅಧ್ಯಕ್ಷರೊಡನೆ ಬದಲಾಗುವ ನಿಯಮ ಯಾರ ಅಂತಃಕರಣಕ್ಕೂ ನೆಮ್ಮದಿಯನ್ನು ಕೊಡಲಾರದು. ಜರ್ಮನಿಯ ಮಾರ್ಗ ಇದಕ್ಕಿಂತ ಕಠಿಣ, ಮತ್ತು ಅದರ ಹಿಂದಿರುವ ನೋವು ಎಲ್ಲರಿಗೂ ತಿಳಿದುದು: ವೈದ್ಯರೇ ಹಂತಕರಾದ ಕಾಲವನ್ನು ಕಂಡ ಆ ದೇಶ 1990ರ ಶಾಸನದಿಂದ ಭ್ರೂಣನಾಶವನ್ನು ಅಪರಾಧವೆಂದು ವಿಧಿಸಿ, 2002ರಲ್ಲಿ ಪರದೇಶದ ಹಳೆಯ ಸಂತತಿಗಳ ಆಮದಿಗೆ ಮಾತ್ರ ಬಿಗಿಯಾದ ಅನುಮತಿಯನ್ನಿತ್ತಿತು.

ಜಪಾನಿನ ಶಿನ್ಯಾ ಯಮನಾಕ ಒಮ್ಮೆ ಸ್ನೇಹಿತನ ಚಿಕಿತ್ಸಾಲಯದಲ್ಲಿ ಸೂಕ್ಷ್ಮದರ್ಶಕದ ಮೂಲಕ ಭ್ರೂಣವೊಂದನ್ನು ನೋಡಿದಾಗ, ಅದಕ್ಕೂ ತಮ್ಮ ಹೆಣ್ಣುಮಕ್ಕಳಿಗೂ ಇರುವ ಅಂತರ ಎಷ್ಟು ಅಲ್ಪವೆಂಬುದು ಹೊಳೆದು, ಬೇರೆ ದಾರಿಯೊಂದು ಇರಲೇಬೇಕೆಂದು ನಿಶ್ಚಯಿಸಿದುದಾಗಿ ಪತ್ರಕರ್ತರೊಡನೆ ಹೇಳಿಕೊಂಡಿದ್ದಾರೆ. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ನಾಲ್ಕು ಜೀನುಗಳ ಪ್ರವೇಶದಿಂದ ಹಿಂದಕ್ಕೆ ತಿರುಗಿಸಿ, ಭ್ರೂಣದ ಕಾಂಡಕೋಶಗಳಿಗೆ ಸಮಾನವಾದ ಸ್ಥಿತಿಗೆ ಅವರು ತಂದರು. 2012ರಲ್ಲಿ ಅವರಿಗೂ ಜಾನ್ ಗರ್ಡನ್ ಅವರಿಗೂ ನೊಬೆಲ್ ಸಂದಿತು. ನೀತಿಯ ತಳಮಳ ವಿಜ್ಞಾನವನ್ನು ತಡೆಯುತ್ತದೆಂದು ದೂರುವವರು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ಆದರೂ ವಿವಾದ ಇಲ್ಲಿಗೆ ಮುಗಿಯಿತೆಂದವರ ಭವಿಷ್ಯವಾಣಿ ನಿಜವಾಗಲಿಲ್ಲ, ಏಕೆಂದರೆ ಭ್ರೂಣದ ಮೊದಲ ದಿನಗಳನ್ನು ಅರಿಯಬೇಕಾದವನಿಗೆ ಚರ್ಮದ ಕೋಶವಷ್ಟೇ ಸಾಲದು.

ಹದಿನಾಲ್ಕು ದಿನಗಳ ಕಟ್ಟಳೆಗೆ ನಿಜವಾದ ಪರೀಕ್ಷೆ ಬಂದುದು 2016ರಲ್ಲಿ. ಅಲ್ಲಿಯವರೆಗೆ ತಟ್ಟೆಯಲ್ಲಿ ಮಾನವಭ್ರೂಣ ಒಂದು ವಾರ, ಹೆಚ್ಚೆಂದರೆ ಒಂಬತ್ತು ದಿನ ಬದುಕುತ್ತಿತ್ತು. ದಾಟಲು ಯಾರಿಗೂ ಶಕ್ತಿಯಿರದ ಮೇರೆಯನ್ನು ಪಾಲಿಸುವುದರಲ್ಲಿ ಯಾರಿಗೂ ಕಷ್ಟವಿರಲಿಲ್ಲ. ಆ ವರ್ಷದ ಮೇ ತಿಂಗಳಿನಲ್ಲಿ ಕೇಂಬ್ರಿಜ್‌ನ ಮಾಗ್ದಲೆನಾ ಜೆರ್ನಿಕಾ ಗೋಟ್ಜ್ ಮತ್ತು ನ್ಯೂಯಾರ್ಕಿನ ಅಲಿ ಬ್ರಿವಾನ್ಲೂ ಅವರ ತಂಡಗಳು ಹನ್ನೆರಡು ಹದಿಮೂರು ದಿನಗಳವರೆಗೆ ಭ್ರೂಣವನ್ನು ಬೆಳೆಸಿ, ಇನ್ನೂ ಬೆಳೆಯಬಹುದೆಂಬುದು ಕಾಣುತ್ತಿದ್ದರೂ, ಮಿತಿಗೆ ತಲೆಬಾಗಿ ಪ್ರಯೋಗವನ್ನು ನಿಲ್ಲಿಸಿದವು. ಬಹಳ ಗರ್ಭಗಳು ಕಾರಣ ತಿಳಿಯದೆ ನಷ್ಟವಾಗುವುದು ಆ ಎರಡನೆಯ, ಮೂರನೆಯ ವಾರಗಳಲ್ಲಿ. ಆದುದರಿಂದ ಮೇರೆಯನ್ನು ಇಪ್ಪತ್ತೆಂಟಕ್ಕೆ ಸರಿಸಬೇಕೆಂಬ ಕೂಗು ಎದ್ದಿದೆ. ಕಾಂಡಕೋಶ ಸಂಶೋಧಕರ ಅಂತಾರಾಷ್ಟ್ರೀಯ ಸಂಘ 2021ರ ತನ್ನ ಮಾರ್ಗದರ್ಶಿಕೆಯಲ್ಲಿ ಹದಿನಾಲ್ಕು ದಿನಗಳ ಉಲ್ಲಂಘನೆಯನ್ನು ಸಂಪೂರ್ಣ ನಿಷಿದ್ಧಗಳ ಪಟ್ಟಿಯಿಂದ ತೆಗೆದು, ಸಾರ್ವಜನಿಕರೊಡನೆ ಚರ್ಚಿಸಿ ನಿರ್ಣಯಿಸತಕ್ಕದ್ದೆಂದಿತು. ಮೇರೆಯನ್ನು ಎಂದೂ ಸರಿಸಲೇಬಾರದೆಂದು ನಾನು ಹೇಳಲಾರೆ. ವಾರ್ನಾಕರೂ ಅದು ಶಾಶ್ವತವೆಂದು ಹೇಳಿದವರಲ್ಲ. ಆದರೆ ಅದು ಕಷ್ಟಕೊಡತೊಡಗಿದ ಕ್ಷಣದಲ್ಲಿಯೇ ಅದನ್ನು ಸರಿಸಿದರೆ, ಸಂಶಯದಿಂದಲೇ ಒಪ್ಪಿಗೆಯಿತ್ತಿದ್ದ ಜನ ತಾವು ಮೋಸಹೋದೆವೆಂದು ಭಾವಿಸಿದರೆ ಅವರ ತಪ್ಪೇನು? ಸರಿಸುವುದಿದ್ದರೆ, ಹಾಕಿದಾಗ ಪಟ್ಟಷ್ಟೇ ಶ್ರಮವನ್ನು ಪಟ್ಟು, ಹಾಕಿದಾಗ ಕೇಳಿದಷ್ಟೇ ಜನರನ್ನು ಕೇಳಿ, ಸರಿಸತಕ್ಕದ್ದು.

ಭಾರತಕ್ಕೆ ಈ ಕಟ್ಟಳೆ ಬಂದುದು ಬೇರೆ ದಾರಿಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ 2007ರಲ್ಲಿ ಹೊರಡಿಸಿದ ಮಾರ್ಗದರ್ಶಿಕೆಯಲ್ಲಿ, 2017ರಲ್ಲಿ ಅದನ್ನು ಪರಿಷ್ಕರಿಸಿದಾಗಲೂ, ಹದಿನಾಲ್ಕು ದಿನ ಅಥವಾ ಆದಿರೇಖೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಗೆ ನಿಲ್ಲತಕ್ಕದ್ದೆಂಬ ವಿಧಿಯಿದೆ. ವಿಧಿ ಒಳ್ಳೆಯದೇ. ಆದರೆ ನಮ್ಮ ಊರಿನ ಯಾವ ಸಭೆಯೂ, ಯಾವ ಮಠವೂ, ಯಾವ ಪತ್ರಿಕೆಯೂ ಅದಕ್ಕಾಗಿ ರಾತ್ರಿಗಳನ್ನು ವಾದದಲ್ಲಿ ಕಳೆದುದಿಲ್ಲ. ಬೇರೆಯವರು ನೊಂದು ಪಡೆದ ಉತ್ತರವನ್ನು ನಾವು ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಸ್ವೀಕರಿಸಿದೆವು. ಚರಕನೂ ಗರ್ಭೋಪನಿಷತ್ತಿನ ಋಷಿಯೂ ಭಿನ್ನಾಭಿಪ್ರಾಯದಿಂದ ನುಡಿದ ನಾಡಿನಲ್ಲಿ ಇದು ಶೋಭಿಸತಕ್ಕದ್ದಲ್ಲ.

ಪ್ರಶ್ನೆ ದೂರದ್ದೂ ಅಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಚಿಕಿತ್ಸಾಲಯಗಳಲ್ಲಿ ಸಂತಾನಾಪೇಕ್ಷಿಗಳಾದ ದಂಪತಿಗಳ ಭ್ರೂಣಗಳು ಹಿಮದಲ್ಲಿವೆ. 2021ರ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನದ ಶಾಸನದ ಪ್ರಕಾರ ಅವುಗಳನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಅವು ನಶಿಸಲು ಬಿಡತಕ್ಕದ್ದು, ಇಲ್ಲವೇ ದಂಪತಿಗಳ ಸಮ್ಮತಿಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡತಕ್ಕದ್ದು. ಆ ಸಮ್ಮತಿಪತ್ರ ನಿಮ್ಮ ಮುಂದಾಗಲಿ ನಿಮ್ಮ ಮನೆಯ ಮಕ್ಕಳ ಮುಂದಾಗಲಿ ಬಂದರೆ, ಚಿಕಿತ್ಸೆಯ ಆತುರದಲ್ಲಿ ಕೊನೆಯ ಪುಟಕ್ಕೆ ತಿರುಗಿಸಿ ಸಹಿ ಮಾಡಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ ಅದನ್ನು ಕೊಡಿರೆಂದು ಕೇಳಿ. ಯಾವ ಸಂಶೋಧನೆಗೆ, ಯಾವ ಸಂಸ್ಥೆಗೆ, ಎಷ್ಟು ದಿನ ಬೆಳೆಸುವುದಕ್ಕೆ, ಅದರಿಂದ ಬಂದ ಕೋಶಗಳು ಮುಂದೆ ಯಾರ ಸ್ವತ್ತು, ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆಯಬಹುದೇ ಎಂಬುದನ್ನು ಒಂದೊಂದಾಗಿ ಕೇಳಿ ತಿಳಿದುಕೊಳ್ಳಿ. ಆಮೇಲೆ ಗಂಡಹೆಂಡಿರಿಬ್ಬರೂ ಕುಳಿತು ಯೋಚಿಸಿ ಹೂಂ ಎನ್ನಿ, ಅಥವಾ ಒಲ್ಲೆವೆನ್ನಿ.